ಲೊವೀನಾ ಒಂದು ಸಲ ಹೇಳಿದ್ದು

ವಾಲ್ನಟ್ ಹಳ್ಳ, ಓಹಾಯೊ
ಮಂಗಳವಾರ, ನವೆಂಬರ್ ೧೪, ೨೦೧೭

ಪ್ರೀತಿಯ ಮಗಳು ವರ್ನಾಗೆ ಅಮ್ಮನ ಆಶೀರ್ವಾದ.

ನಿನ್ನ ಸೊಂಟನೋವು ಈಗ ಹೇಗಿದೆ? ಆಸ್ಪತ್ರೆಯಲ್ಲಿ ಮುದುಕರನ್ನು ಎತ್ತಿ ಮಗ್ಗುಲು ಬದಲಿಸುವ ಕೆಲಸ ಸಣ್ಣದಲ್ಲ, ಒಬ್ಬಳೇ ಎತ್ತಲು ಹೋಗಬೇಡ, ಪಕ್ಕದವರನ್ನು ಕರೆ. ನಿನ್ನ ಗಂಡ ಗ್ಯಾರಿ ಚೆನ್ನಾಗಿದ್ದಾನೆಯೇ? ಹಾಲಿನ ಲಾರಿಯನ್ನು ಮಂಜು ಬೀಳುವ ರಸ್ತೆಯಲ್ಲಿ ಓಡಿಸುತ್ತಾನಲ್ಲ ಎಂದು ಆಗಾಗ ಎದೆ ಧಸಕ್ಕೆನ್ನುತ್ತದೆ. ಅವನನ್ನು ಒಮ್ಮೆ ಮಾತ್ರ ನೋಡಿದ್ದೇನೆ, ಆದರೂ ಪ್ರಾರ್ಥನೆಯಲ್ಲಿ ಅವನ ಹೆಸರೂ ಬರುತ್ತದೆ, ಇದನ್ನು ಅವನಿಗೆ ಹೇಳು. ಇಲ್ಲಿ ನಿನ್ನ ಅಪ್ಪನ ಮಂಡಿ ಚಳಿ ಶುರುವಾದಾಗಿನಿಂದ ಹಿಡಿದುಕೊಂಡಿದೆ. ಹಾಲು ಕರೆಯಲು ಕೂತರೆ ಏಳುವುದಕ್ಕೆ ಹಸುವಿನ ಸಹಾಯವೇ ಬೇಕು. ಸೇಬಿನ ಬೆಣ್ಣೆ ಕಾಯಿಸಿ ಭರಣಿ ತುಂಬಿ ಆಯಿತು. ಈ ವರ್ಷ ಸ್ವಲ್ಪ ಹುಳಿ ಜಾಸ್ತಿ. ವರ್ಷಕ್ಕೊಮ್ಮೆ ಕ್ರಿಸ್‌ಮಸ್ ಹೊತ್ತಿಗೆ ಬರೆಯುವವಳು ಈಗಲೇ ಬರೆದಳಲ್ಲ, ಯಾರು ಸತ್ತರೋ ಎಂದು ಹೆದರಬೇಡ. ಯಾರೂ ಸತ್ತಿಲ್ಲ. ಆದರೆ ಸಾವಿನ ಸುದ್ದಿ ಬರೆಯುವುದು ಇದಕ್ಕಿಂತ ಸುಲಭವಿತ್ತು.

ನಿನ್ನ ಅಣ್ಣ ಎನೋಸನ ಮಗಳು ಲೊವೀನಾಳ ವಿಷಯ. ನೀನು ಅವಳನ್ನು ಕಡೆಯ ಸಲ ನೋಡಿದ್ದು ಅವಳ ಅಮ್ಮ ಎಡ್ನಾಳ ಮಣ್ಣಿಗೆ ಬಂದಾಗ. ಸಭೆ ಬಿಟ್ಟು ಹೋದವಳೆಂದು ಅವತ್ತು ನಿನಗೆ ಬಹಿಷ್ಕಾರದ ಪ್ರಕಾರ ಮೂಲೆಯ ಸಣ್ಣ ಮೇಜಿನಲ್ಲಿ ತಟ್ಟೆ ಇಟ್ಟಿದ್ದರಲ್ಲ, ಈ ಹುಡುಗಿ ತನ್ನ ಬ್ರೆಡ್ಡು ಹಿಡಿದುಕೊಂಡು ಬಂದು ನಿನ್ನ ಎದುರು ಕೂತಳು. ನಿಯಮ ಗೊತ್ತಿಲ್ಲದ ವಯಸ್ಸು. ಈಗ ಎಂಟು ತುಂಬಿದೆ. ಮುಂದಿನ ಹಲ್ಲು ದೊಡ್ಡವಾಗಿ ಬಂದಿವೆ, ನಕ್ಕರೆ ಮೊಲದ ಹಾಗೆ ಕಾಣುತ್ತಾಳೆ, ನಕ್ಕರೆ. ಸೆಪ್ಟೆಂಬರಿನಲ್ಲಿ ಅವಳ ಬಲಗೈ ಮಣಿಕಟ್ಟು ಮುರಿಯಿತು. ಅಟ್ಟದಿಂದ ಬಿದ್ದಳು ಎಂದು ಎನೋಸ್ ಹೇಳಿದ, ನಾವೂ ನಂಬಿದೆವು. ಮೂಳೆ ಡಾಕ್ಟರು ನಂಬಲಿಲ್ಲ. ಬಿದ್ದ ಮೂಳೆ ಬೇರೆ, ತಿರುಚಿದ ಮೂಳೆ ಬೇರೆಯಂತೆ. ಅವರು ಅಂಗಿ ಎತ್ತಿ ಬೆನ್ನನ್ನೂ ನೋಡಿದರು. ಅಲ್ಲಿಂದಲೇ ಮಕ್ಕಳ ರಕ್ಷಣೆಯ ಕಚೇರಿಗೆ ಫೋನು ಹೋಯಿತು.

ನಾವಿರುವುದು ಮುದುಕರಿಗೆಂದು ಮಗನ ಮನೆಗೆ ಅಂಟಿಸಿ ಕಟ್ಟಿದ ಅಜ್ಜನ ಮನೆಯಲ್ಲಿ, ಎನೋಸನ ಮನೆಗೂ ನಮಗೂ ಒಂದು ಗೋಡೆ, ಒಂದು ಬಾಗಿಲು. ಆದರೂ ನಮಗೆ ಏನೂ ಕೇಳಿಸಲಿಲ್ಲವೇ ಎಂದು ನೀನು ಕೇಳುತ್ತೀಯ. ಎಲ್ಲರೂ ಕೇಳಿದರು. ಅವನು ಅವಳನ್ನು ಕುದುರೆಗಾಡಿ ನಿಲ್ಲಿಸುವ ಶೆಡ್ಡಿಗೆ ಕರೆದೊಯ್ಯುತ್ತಿದ್ದ. ಅದರ ಪಕ್ಕದಲ್ಲೇ ಅವನ ಮರಗೆಲಸದ ಡೀಸೆಲ್ ಎಂಜಿನ್ನು. ಅದು ಓಡುವಾಗ ಆಕಾಶ ಕಳಚಿ ಬಿದ್ದರೂ ಕೇಳಿಸುವುದಿಲ್ಲ. ನಿನ್ನ ಅಣ್ಣ ರಾಕ್ಷಸನಲ್ಲ, ವರ್ನಾ. ಎಡ್ನಾ ಹೋದ ಮೇಲೆ ಅವನಿಗೆ ಊಟ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ಹೆಂಡತಿಯಿಲ್ಲದ ಮನೆಯಲ್ಲಿ ಹುಡುಗಿ ಹಾಲು ಚೆಲ್ಲಿದರೂ ಅವನಿಗೆ ಲೋಕ ಚೆಲ್ಲಿದ ಹಾಗೆ. ಇದನ್ನು ಅವನ ಪರವಾಗಿ ಬರೆಯುತ್ತಿಲ್ಲ. ಹೆತ್ತವಳಿಗೆ ಎರಡೂ ಕಾಣುತ್ತವೆ, ಅಷ್ಟೇ.

ಕಚೇರಿಯಿಂದ ಡೆನೀಸ್ ಎಂಬ ಹೆಂಗಸು ಬಂದಳು. ದಪ್ಪ ಮೈ, ಮೆತ್ತನೆ ಮಾತು, ಬಾಗಿಲಲ್ಲೇ ಬೂಟು ಬಿಚ್ಚಿ ಒಳಗೆ ಬಂದಳು. ಅದು ನನಗೆ ಹಿಡಿಸಿತು. ಅವಳು ಬರುತ್ತಾಳೆಂದು ತಿಳಿದು ಬಿಷಪ್ ಮೆನ್ನೋ ಮೊದಲೇ ಬಂದು ಕೂತಿದ್ದರು. ಡೆನೀಸ್ ತನ್ನ ಚೀಲದಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ಯಂತ್ರವೊಂದನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಮಗುವಿನ ಮಾತನ್ನು ಅದರಲ್ಲಿ ಹಿಡಿದಿಟ್ಟುಕೊಳ್ಳಬೇಕು, ಅದು ಕಚೇರಿಯ ಪದ್ಧತಿ ಎಂದಳು. ಮೆನ್ನೋ ತಲೆಯಾಡಿಸಿದರು. ನಮ್ಮ ಆಮಿಶ್ ಸಭೆಯಲ್ಲಿ ಮುಖದ ಪಟ ತೆಗೆಸುವುದಿಲ್ಲ, ದನಿಯನ್ನೂ ಹಿಡಿಸುವುದಿಲ್ಲ, ಅದು ಅಹಂಕಾರಕ್ಕೆ ದಾರಿ ಎಂದು ವಿವರಿಸಿದರು. ಕಡೆಗೆ, "ಮನುಷ್ಯ ಆಡಿದ ಮಾತು ದೇವರ ಹತ್ತಿರ ಹೋಗ್ಬೇಕಮ್ಮ, ಡಬ್ಬಿಯೊಳಗೆ ಕೂರಬಾರ್ದು" ಎಂದರು. ಡೆನೀಸ್ ವಾದಕ್ಕೆ ಇಳಿಯಲಿಲ್ಲ. "ಮಗು ಒಂದೇ ಸಲ ಹೇಳಿದ್ರೆ ಸಾಕು ಅಂತಾನೇ ಇದನ್ನ ತರೋದು. ಇದಿಲ್ದಿದ್ರೆ ಮುಂದೆ ಯಾರ್ಯಾರ ಮುಂದೆ ಎಷ್ಟೆಷ್ಟು ಸಲ ಹೇಳ್ಬೇಕಾಗುತ್ತೋ ನಂಗೇ ಗೊತ್ತಿಲ್ಲ" ಎಂದಳು. ಆಮೇಲೆ ಎಲ್ಲರ ಮುಖ ನೋಡಿದಳು. ಎನೋಸ್ ಹ್ಯಾಟಿನ ಅಂಚು ಸವರುತ್ತಿದ್ದ. ನಿನ್ನ ಅಪ್ಪ ಒಲೆಯ ಕಡೆ ನೋಡುತ್ತಿದ್ದರು. ನಮ್ಮ ನಂಬಿಕೆಯ ಮೇಲೆ ತಾನು ಕಾಲಿಡುವುದಿಲ್ಲ ಎಂದು ಅವಳು ಯಂತ್ರವನ್ನು ವಾಪಸ್ ಚೀಲಕ್ಕೆ ಹಾಕಿದಳು. ಒಳ್ಳೆಯ ಮನಸ್ಸಿನಿಂದಲೇ ಹಾಕಿದಳು. ಇಡೀ ಕೇಡು ಆ ಒಳ್ಳೆಯ ಮನಸ್ಸಿನಿಂದಲೇ ಹುಟ್ಟಿತು.

ಗಂಡಸರು ಅಂಗಳಕ್ಕೆ ಹೋದರು. ಅಡಿಗೆಮನೆಯಲ್ಲಿ ನಾವು ಮೂವರು ಹೆಂಗಸರು, ಅದರಲ್ಲೊಬ್ಬಳು ಎಂಟು ವರ್ಷದವಳು. ಒಣಗಿದ ಹುರುಳಿಕಾಯಿ ಸುಲಿಯುವುದಿತ್ತು. ಅವಳ ಬಲಗೈ ಪಟ್ಟಿಯಲ್ಲಿದ್ದುದರಿಂದ ನಾನು ಕಾಯಿ ಹಿಡಿದುಕೊಂಡೆ, ಅವಳು ಎಡಗೈಯಿಂದ ನಾರು ಎಳೆದು ಬೀಜ ಬಿಡಿಸಿದಳು. ಹಾಗೆ ಬಿಡಿಸುತ್ತ ಬಿಡಿಸುತ್ತ ಹೇಳಿದಳು, ನಮ್ಮ ಮನೆಮಾತಿನಲ್ಲಿ. ಶಾಲೆಯ ಇಂಗ್ಲಿಷು ಇಂಥದ್ದಕ್ಕೆಲ್ಲ ಎಲ್ಲಿ ಸಾಲಬೇಕು? ಡೆನೀಸಳಿಗೆ ನಮ್ಮ ಮಾತು ಬಾರದು. ನಾನು ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದೆ, ಅವಳು ಬರೆದುಕೊಂಡಳು. ನನ್ನ ಇಂಗ್ಲಿಷು ನಿನಗೆ ಗೊತ್ತೇ ಇದೆ, ಮೊಟ್ಟೆ ಮಾರುವುದಕ್ಕೆ, ಕೌದಿ ಮಾರುವುದಕ್ಕೆ ಆಗುವಷ್ಟು. ಮಗು ಹೇಳಿತು, "ಅಪ್ಪ ಕೂಗಾಡಿದ್ರೆ ನಂಗೆ ಭಯ ಇಲ್ಲ ಅಜ್ಜಿ. ಮೆಲ್ಲಗೆ ಕರೀತಾರಲ್ಲ, ಆಗ ಭಯ. ಮೆಲ್ಲಗೆ ಕರೆದ್ರೆ ಶೆಡ್ಡಿಗೆ ಹೋಗ್ಬೇಕು ಅಂತ." ಒಂದಷ್ಟು ಕಾಯಿ ಸುಲಿದ ಮೇಲೆ, "ನಾನು ಬಾಗಿಲು ಚೌಕಟ್ಟು ಹಿಡ್ಕೊಂಡ್ಬಿಟ್ಟೆ. ಬಿಡ್ಲಿಲ್ಲ. ಬಿಟ್ಟಿದ್ರೆ ಕೈ ಮುರೀತಾ ಇರ್ಲಿಲ್ಲ, ತಪ್ಪು ನಂದೇ" ಎಂದಳು. ಕಡೆಯಲ್ಲಿ, ತಟ್ಟೆಯಲ್ಲಿದ್ದ ಬೀಜವನ್ನು ಬೆರಳಿನಿಂದ ಸಾಲು ಮಾಡುತ್ತ, "ಬಾರಲ್ಲಿ ಹೊಡೆದಾದ ಮೇಲೆ ಅಪ್ಪ ಅಳ್ತಾರೆ. ನಾನು ಬೆನ್ನು ಸವರಿ ಸಮಾಧಾನ ಮಾಡ್ಬೇಕು. ಅವರು ಸುಮ್ಮನಾಗೋ ತನಕ ನಾನು ಅಳೋ ಹಾಗಿಲ್ಲ" ಎಂದಳು. ಇದನ್ನು ನಾನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ? ಹೊಡೆಯುತ್ತಾನೆ, ಆಮೇಲೆ ಪಶ್ಚಾತ್ತಾಪ ಪಡುತ್ತಾನೆ ಎಂದುಬಿಟ್ಟೆ. ಡೆನೀಸಳ ಹಾಳೆಯಲ್ಲಿ ಕಡೆಗೆ ಉಳಿದದ್ದು ಇಷ್ಟು: ತಂದೆ ಕುದುರೆಯ ಬಾರಿನಿಂದ ಶಿಕ್ಷಿಸುತ್ತಾನೆ, ಮಗುವಿಗೆ ಭಯವಿದೆ, ಎಳೆದಾಟದಲ್ಲಿ ಮಣಿಕಟ್ಟು ಮುರಿದಿದೆ, ತಂದೆ ಪಶ್ಚಾತ್ತಾಪ ಪಟ್ಟಿದ್ದಾನೆ. ಒಂದು ಬುಟ್ಟಿ ಹಣ್ಣು ಕೊಟ್ಟರೆ ಒಂದು ಚಮಚ ರಸ ಉಳಿದ ಹಾಗೆ.

ವಿಚಾರಣೆ ಮುಗಿಯುವವರೆಗೆ ಹುಡುಗಿ ನಮ್ಮ ಹತ್ತಿರ ಇರಲಿ ಎಂದಾಯಿತು. ನಿನ್ನ ಅಪ್ಪ ಎರಡು ಮನೆಯ ನಡುವಿನ ಬಾಗಿಲಿಗೆ ನಮ್ಮ ಕಡೆಯಿಂದ ಚಿಲಕ ಹಾಕಿದರು. ಮಗನ ಮನೆಗೆ ಅಪ್ಪ ಚಿಲಕ ಹಾಕಿದ್ದನ್ನು ನಾನು ನೋಡಬೇಕಾಗಿ ಬಂತು. ಅಕ್ಟೋಬರಿನಲ್ಲಿ ಕರ್ತನ ಭೋಜನಕ್ಕೆ ಮುಂಚಿನ ಸಭೆ ಈ ಸಲ ಸರದಿ ಬಂದಿದ್ದ ಆಟ್ಲೀ ಅವರ ಮನೆಯಲ್ಲಿ ನಡೆಯಿತು. ದೀಕ್ಷೆಯಾಗದವರನ್ನೆಲ್ಲ ಹೊರಗೆ ಕಳಿಸಿದ ಮೇಲೆ ಎನೋಸ್ ಎದ್ದು ಬಂದು ಎಲ್ಲರ ನಡುವೆ ಮೊಣಕಾಲೂರಿದ. ಕೋಪದಲ್ಲಿ ಮಗುವಿನ ಮೇಲೆ ಕೈ ಮಾಡಿದ್ದೇನೆ, ದೇವರ ಮುಂದೆ, ಸಭೆಯ ಮುಂದೆ ಕ್ಷಮೆ ಕೇಳುತ್ತೇನೆ ಎಂದ. ದನಿ ಒಡೆದುಹೋಯಿತು. ಸುಳ್ಳು ಅಳುವಲ್ಲ, ನನಗೆ ಅವನ ಅಳು ತೊಟ್ಟಿಲಿನಿಂದ ಗೊತ್ತು. ಮೆನ್ನೋ ಕೈಹಿಡಿದು ಎಬ್ಬಿಸಿ ಮುತ್ತಿಟ್ಟರು. ಹೆಂಗಸರ ಸಾಲಿನಲ್ಲಿ ಎಲ್ಲರ ಕಣ್ಣೂ ಒದ್ದೆ, ನನ್ನದೂ. ಅಲ್ಲಿಗೆ ಪಾಪ ತೊಳೆದುಹೋಯಿತು. ನಮ್ಮ ಪದ್ಧತಿ ನಿನಗೆ ನಾನು ಹೇಳಬೇಕೇ? ಸಭೆ ಕ್ಷಮಿಸಿದ್ದನ್ನು ಮತ್ತೆ ಬಾಯಲ್ಲಿ ಎತ್ತಬಾರದು, ಎತ್ತಿದವರಿಗೇ ದೋಷ. ಊಟದ ಹೊತ್ತಿಗೆ ಬಿಷಪ್ಪರ ಹೆಂಡತಿ ಲೊವೀನಾಳನ್ನು ಒಳಗೆ ಕರೆದು ಅಪ್ಪನಿಗೆ ಕೈ ಕೊಡಿಸಿದಳು, ಕ್ಷಮಿಸಿದ್ದೇನೆ ಎಂದು ಹೇಳಿಸಿದಳು. ಹುಡುಗಿ ಹೇಳಿದಳು. ಹೇಳಿದ ಮೇಲೆ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು.

ನವೆಂಬರ್ ಮೊದಲ ವಾರ ಕೋರ್ಟಿಗೆ ಹೋದೆವು. ಎನೋಸನ ಹತ್ತಿರ ಕುರ್ಚಿ ಮೇಜು ಕೊಳ್ಳುವ, ನಮ್ಮ ಸಭೆಗೆ ಸೇರದ ಇಂಗ್ಲಿಷರವನೊಬ್ಬ, ಆಮಿಶ್ ಜನಕ್ಕೆ ಅನ್ಯಾಯವಾಗಬಾರದೆಂದು ತಾನಾಗಿಯೇ ವಕೀಲನನ್ನು ಗೊತ್ತುಮಾಡಿದ್ದ. ವಕೀಲ ಬಹಳ ಮರ್ಯಾದಸ್ಥ, ಒಂದು ಸಲವೂ ದನಿ ಏರಿಸಲಿಲ್ಲ. ಈ ಹಾಳೆಯಲ್ಲಿರುವ ಮಾತು ಮಗುವಿನದೋ ಅಜ್ಜಿಯದೋ ಎಂದು ಡೆನೀಸಳನ್ನು ಕೇಳಿದ. ಅಜ್ಜಿ ತಿಳಿಸಿದ್ದನ್ನು ತಾನು ಬರೆದೆ ಎಂದಳು. ಮಗುವಿನ ದನಿ ಎಲ್ಲಾದರೂ ಇದೆಯೇ ಎಂದ. ಇಲ್ಲ ಎಂದಳು. ಅದನ್ನು ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ಜಡ್ಜಮ್ಮ ಲೊವೀನಾಳನ್ನು ತಮ್ಮ ಕೋಣೆಗೆ ಕರೆಸಿ ಕೇಳಿದರು. ಹುಡುಗಿ ತನ್ನ ಬೂಟು ನೋಡುತ್ತ ನಿಂತಳಂತೆ. ತುಟಿ ಬಿಚ್ಚಲಿಲ್ಲವಂತೆ. ಮಗು ತಾನಾಗಿ ಹೇಳದೆ, ಹೇಳಿದ್ದಕ್ಕೆ ಸಾಕ್ಷಿಯೂ ಇಲ್ಲದೆ ತಂದೆಯಿಂದ ದೂರ ಇಡಲಾರೆ, ಹೊಸದೇನೂ ಬಾರದಿದ್ದರೆ ಈ ಹದಿನೇಳನೇ ತಾರೀಖು ಶುಕ್ರವಾರ ಅವಳು ಅಪ್ಪನ ಮನೆಗೆ ಹೋಗಲಿ ಎಂದರು. ಹೊರಗೆ ಮೆಟ್ಟಿಲ ಮೇಲೆ ಡೆನೀಸ್ ನನ್ನ ಪಕ್ಕ ಕೂತು, "ನಿಮಗೆ ಗೌರವ ಕೊಟ್ಟೆ ಅಂದ್ಕೊಂಡೆ ಅಮ್ಮ. ಆ ಮಗುಗೆ ಯಾರು ಕೊಡ್ತಾರೆ ಅಂತ ಯೋಚ್ನೆ ಮಾಡ್ಲಿಲ್ಲ" ಎಂದಳು. ಮನೆಗೆ ಬಂದು, ಇನ್ನೊಮ್ಮೆ ಹೇಳಿಬಿಡು ಮಗಳೇ, ಈ ಸಲ ಯಂತ್ರದ ಮುಂದೆ, ಆಮೇಲೆ ಯಾರೂ ಕೇಳುವುದಿಲ್ಲ ಎಂದು ಲೊವೀನಾಳನ್ನು ಪುಸಲಾಯಿಸಿದೆ. ಅವಳು ನನ್ನನ್ನೇ ನೋಡಿ ಕೇಳಿದಳು, "ಕ್ಷಮಿಸಿದ್ದನ್ನ ಮತ್ತೆ ಹೇಳಿದ್ರೆ ಅಪ್ಪನ ಪಾಪ ಎಲ್ಲಾ ನನ್ ತಲೆಗೆ ಬರುತ್ತಂತೆ. ಹೌದಾ ಅಜ್ಜಿ?"

ನಾನು ಐವತ್ತು ವರ್ಷ ಸಭೆಯ ಬೆಂಚಿನ ಮೇಲೆ ಕೂತು ಬೆಳೆದವಳು. ಕ್ಷಮೆ ದೊಡ್ಡದು ಎಂದು ನನಗೆ ಗೊತ್ತು, ನಾನು ಅದರಿಂದಲೇ ಉಸಿರಾಡುತ್ತಿದ್ದೇನೆ. ಆದರೆ ಎಂಟು ವರ್ಷದ ಕೂಸಿನ ಬಾಯಿಗೆ ಅದನ್ನು ತುರುಕಿದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ. ಹೌದು ಎಂದರೆ ದೇವರಿಗೆ ಸುಳ್ಳು, ಅಲ್ಲ ಎಂದರೆ ಬಿಷಪ್ಪರಿಗೆ ಎದುರು. ಉಣ್ಣು ಬಾ ಎಂದು ಕರೆದೆ. ಏನು ಹೇಡಿ ಉತ್ತರ ನೋಡು.

ಮರುದಿನ ಮಧ್ಯಾಹ್ನ ಒಂದು ಸಂಗತಿ ನಡೆಯಿತು. ಲೊವೀನಾ ಹಾಲಿನ ಲೋಟಗಳನ್ನು ಮೇಜಿಗೆ ತರುತ್ತಿದ್ದಳು. ನಡುಬಾಗಿಲ ಆಚೆಯಿಂದ ಎನೋಸ್ ಕರೆದ, "ಲೊವೀನಾ, ಬಾ ಮಗಾ" ಎಂದು, ಬಹಳ ಮೆಲ್ಲಗೆ. ಪ್ರೀತಿಯಿಂದಲೇ ಕರೆದಿರಬೇಕು. ಶುಕ್ರವಾರ ಮಗಳು ಬರುತ್ತಾಳೆಂದು ಅವನು ಅವಳಿಗೊಂದು ಪುಟ್ಟ ಪೆಟ್ಟಿಗೆ ಮಾಡುತ್ತಿದ್ದ, ಅದನ್ನು ತೋರಿಸಲು ಕರೆದಿದ್ದು ಎಂದು ಆಮೇಲೆ ಗೊತ್ತಾಯಿತು. ಆದರೆ ಹುಡುಗಿ ನಿಂತಲ್ಲೇ ಕಂಬವಾದಳು. ಲೋಟ ಕೈಯಲ್ಲೇ ಇತ್ತು, ಒಂದು ಹನಿ ತುಳುಕಲಿಲ್ಲ. ಅವಳ ಕಾಲ ಕೆಳಗೆ ನೆಲ ಒದ್ದೆಯಾಗುತ್ತ ಹೋಯಿತು. ಕಾಲುಚೀಲ, ಬೂಟು ಎಲ್ಲಾ ಒದ್ದೆ. ಅವಳು ಲೋಟವನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು, ನನ್ನನ್ನು ಕೇಳದೆ ಒರೆಸುವ ಬಟ್ಟೆ ತರಲು ಹೋದಳು. ಅವಳಿಗೆ ಅದು ಹೊಸದಲ್ಲ ಎಂದು ಅವಳು ಬಟ್ಟೆ ಹಿಂಡಿದ ರೀತಿಯಲ್ಲೇ ತಿಳಿಯಿತು. ಹಾಳೆಯಲ್ಲಿ "ಮಗುವಿಗೆ ಭಯವಿದೆ" ಎಂದು ಬರೆಸಿದವಳು ನಾನೇ ಅಲ್ಲವೇ. ಭಯ ಎಂದರೆ ಏನು ಎಂದು ಅದರಲ್ಲಿ ಇರಲೇ ಇಲ್ಲ.

ಗುರುವಾರ ಬೆಳಿಗ್ಗೆ ನಿನ್ನ ಅಪ್ಪನಿಗೆ ಹೇಳಿದೆ, ಪಟ್ಟಣಕ್ಕೆ ಹೋಗಿ ಬರುತ್ತೇನೆ, ಮಗು ಹೇಳಿದ್ದನ್ನು ನಾನೇ ಆ ಯಂತ್ರಕ್ಕೆ ಹೇಳಿ ಬರುತ್ತೇನೆ ಎಂದು. ಅವರು ಎದ್ದರು. ಹ್ಯಾಟು ಹಾಕಿಕೊಂಡು ಹೊರಗೆ ಹೋದರು. ಮುನಿಸಿಕೊಂಡರು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನೋಡಿದರೆ ಆ ಮಂಡಿ ಎಳೆದುಕೊಂಡೇ ಕುದುರೆ ಹೂಡಿ, ಗಾಡಿಯನ್ನು ಬಾಗಿಲಿಗೆ ತಂದು, ಕೂರುವ ಜಾಗದಲ್ಲಿ ಕಂಬಳಿ ಹಾಸಿ ನಿಂತಿದ್ದರು. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಗಂಡನ ಮಾತು ಕೇಳಿಸಿಕೊಳ್ಳುವುದಕ್ಕೆ ಅವನು ಬಾಯಿ ತೆರೆಯಬೇಕಾಗಿಲ್ಲ ಎಂದು ನಿನಗೂ ಒಂದು ದಿನ ತಿಳಿಯುತ್ತದೆ.

ಕಚೇರಿಯ ಕೋಣೆ ಸಣ್ಣದು, ಮಕ್ಕಳಿಗೆಂದು ಮಾಡಿದ್ದು, ಗೊಂಬೆಗಳು, ಪುಟ್ಟ ಕುರ್ಚಿಗಳು. ಡೆನೀಸ್ ಯಂತ್ರವನ್ನು ನನ್ನ ಮುಂದಿಟ್ಟು, ನೀವು ಬೇಡ ಅಂದ ಕ್ಷಣ ನಿಲ್ಲಿಸುತ್ತೇನೆ ಎಂದಳು. ನಾವು ಆಣೆ ಇಡುವವರಲ್ಲ, ನಮ್ಮ ಹೌದು ಹೌದೇ ಎಂದೆ. ಅಷ್ಟು ಸಾಕು ಎಂದಳು. ಸರಿಯಾಗಿ ಹಿಡಿಯುತ್ತಿದೆಯೋ ಎಂದು ಮೊದಲು ನನ್ನ ಹೆಸರು ಹೇಳಿಸಿ ತಿರುಗಿ ಕೇಳಿಸಿದಳು. ಯಾರೋ ಹೆಂಗಸು ಒರಟಾಗಿ ಸಲೋಮಾ ಎಂದಳು, ಸಂತೆಯಲ್ಲಿ ಮೊಟ್ಟೆ ಕೂಗುವವಳ ಹಾಗೆ. ನನ್ನ ದನಿಯಂತೆ ಅದು. ಇದನ್ನು ಕೇಳಿ ಯಾರಿಗೆ ಅಹಂಕಾರ ಬರುತ್ತದೆಂದು ಮೆನ್ನೋ ಹೆದರಿದರೋ ಎನಿಸಿ ಆ ಹೊತ್ತಿನಲ್ಲೂ ನಗು ಬಂತು. ಆಮೇಲೆ ಕಣ್ಣು ಮುಚ್ಚಿ, ಮನಸ್ಸಿನಲ್ಲಿ ಪ್ರಾರ್ಥನೆ ಮುಗಿಸಿ, ನಮ್ಮ ಮಾತಿನಲ್ಲೇ ಹೇಳಿದೆ. ಲೊವೀನಾ ಹೇಗೆ ಹೇಳಿದಳೋ ಹಾಗೆ. ಎಲ್ಲಿ ನಿಲ್ಲಿಸಿದಳು, ಎಲ್ಲಿ ಬೀಜ ಸಾಲು ಮಾಡಿದಳು, ತಪ್ಪು ನಂದೇ ಎಂದಾಗ ಯಾರ ಮುಖ ನೋಡಿದಳು, ಎಲ್ಲಾ. ಮೆಲ್ಲಗೆ ಕರೆಯುವುದನ್ನು ಹೇಳಿದೆ. ಅಡಿಗೆಮನೆಯ ನೆಲ ಒದ್ದೆಯಾದದ್ದನ್ನು ಹೇಳಿದೆ. ಅಪ್ಪ ಸುಮ್ಮನಾಗುವ ತನಕ ತಾನು ಅಳುವ ಹಾಗಿಲ್ಲ ಎಂದದ್ದನ್ನು ಹೇಳುವಾಗ ಮಾತ್ರ ನನಗೆ ಮುಂದೆ ಹೋಗಲಾಗಲಿಲ್ಲ. ಯಂತ್ರದ ಕೆಂಪು ದೀಪ ಉರಿಯುತ್ತಲೇ ಇತ್ತು. ನಾನು ಅತ್ತದ್ದೂ ಅದರಲ್ಲಿದೆ.

ನಮ್ಮ ಮಾತು ಬಲ್ಲವರೊಬ್ಬರನ್ನು ಬೇರೆ ಊರಿನಿಂದ ಕರೆಸಿ ಜಡ್ಜಮ್ಮ ಅದನ್ನು ಕೇಳಿದರು. ನಿನ್ನೆ ಸೋಮವಾರ ನನ್ನನ್ನೂ ಕರೆಸಿದರು. ಇದು ನಿಮ್ಮ ದನಿಯೇ, ಮಗು ಹೇಳಿದ್ದು ಇದನ್ನೇ ತಾನೇ ಎಂದರು. ಹೌದು ಎಂದೆ. ಎನೋಸ್ ಅಲ್ಲೇ ಕೂತಿದ್ದ. ಲೊವೀನಾ ಸದ್ಯಕ್ಕೆ ಅಪ್ಪನ ಮನೆಗೆ ಹೋಗುವುದಿಲ್ಲ, ಆದರೆ ಅಪ್ಪನ ಗೋಡೆಗೆ ಅಂಟಿದ ಮನೆಯಲ್ಲೂ ಇರುವ ಹಾಗಿಲ್ಲ ಎಂದಾಯಿತು. ಆ ಗೋಡೆ ನಮ್ಮದೇ ತಾನೆ. ಡೆನೀಸ್ ನಮ್ಮವರದೇ ಎರಡು ಮನೆ ಕೇಳಿ ನೋಡಿದಳು. ಇಬ್ಬರೂ ಒಳ್ಳೆಯವರು, ಇಟ್ಟುಕೊಳ್ಳುತ್ತೇವೆ, ಆದರೆ ಅವಳಪ್ಪ ಬಿಷಪ್ಪರ ಜೊತೆ ಬಂದು ಕೇಳಿದರೆ ಇಲ್ಲ ಎನ್ನಲಾರೆವು ಎಂದರಂತೆ. ಹಾಗಾಗಿ ಶುಕ್ರವಾರ ಅವಳನ್ನು ದೂರದ ಯಾವುದೋ ಇಂಗ್ಲಿಷರ ಮನೆಗೆ ಕರೆದೊಯ್ಯುತ್ತಾರೆ, ನಮ್ಮ ಮಾತು ಒಂದೂ ಬಾರದವರ ಮನೆಗೆ. ಹುಡುಗಿಗೆ ನಾನೇ ಹೇಳಿದೆ. ಅಳಲಿಲ್ಲ. "ಅಲ್ಲಿ ಕೋಳಿ ಇರುತ್ತಾ?" ಎಂದಳು. ಗೊತ್ತಿಲ್ಲ ಎಂದೆ.

ಊರಿನ ಮಾತು ಕೇಳಬೇಡ. ನಿನ್ನ ಫ್ಯಾನಿ ಅತ್ತೆ ಬೇಲಿಯಾಚೆಯಿಂದಲೇ, "ಏನೇ ಸಲೋಮಾ, ಪಟ್ಟಣಕ್ಕೆ ಹೋಗಿ ಹಾಡಿ ಬಂದ್ಯಂತೆ. ಇನ್ಮೇಲೆ ರೇಡಿಯೋದಲ್ಲೂ ಬರ್ತೀಯೋ ಹೇಗೆ?" ಎಂದಳು. ಬಂದರೆ ನಿನ್ನ ಉಪ್ಪಿನಕಾಯಿಯ ರುಚಿ ಲೋಕಕ್ಕೆಲ್ಲ ಸಾರುತ್ತೇನೆ, ಎಚ್ಚರವಾಗಿರು ಎಂದೆ. ನಗದೆ ಒಳಗೆ ಹೋದಳು. ನಿನ್ನೆ ಸಂಜೆ ಸಭಾಸೇವಕ ಬಂದಿದ್ದ. ದನಿ ಹಿಡಿಸಿದ್ದಕ್ಕೆ, ಸಭೆಯ ಸಹೋದರನೊಬ್ಬನ ಮೇಲೆ ಕೋರ್ಟಿಗೆ ಹೋದದ್ದಕ್ಕೆ, ಕ್ಷಮಿಸಿದ ಪಾಪವನ್ನು ಎತ್ತಿದ್ದಕ್ಕೆ ಬರುವ ಭಾನುವಾರ ಮೊಣಕಾಲೂರಿ ತಪ್ಪೊಪ್ಪಿಕೊಳ್ಳಬೇಕಂತೆ. ಮೊಣಕಾಲೂರುವುದಕ್ಕೆ ನನಗೇನು ಸಂಕೋಚ? ದಿನಾ ಊರುತ್ತೇನೆ. ಆದರೆ ಮಾಡಿದ್ದಕ್ಕೆ ದುಃಖವಾಗಿದೆ ಎಂದು ಹೇಳಬೇಕಲ್ಲ. ದುಃಖವಿದೆ, ಬಹಳ ಇದೆ, ಮಾಡಿದ್ದಕ್ಕಲ್ಲ. ಸುಳ್ಳು ಹೇಳಿ ಕರ್ತನ ಮೇಜಿಗೆ ಹೇಗೆ ಕೂರಲಿ? ಬರುವ ವಾರದಿಂದ ನನಗೂ ಮೂಲೆಯ ಸಣ್ಣ ಮೇಜೇ ಆಗಬಹುದು. ನಿನ್ನ ಅಪ್ಪ ತಮ್ಮ ಕೈಯಾರೆ ನನಗೆ ಬೇರೆ ತಟ್ಟೆ ಇಡಬೇಕಾಗುತ್ತದೆ.

ಕೋರ್ಟಿನಿಂದ ಬಂದ ಮೇಲೆ ಎನೋಸ್ ಮುಂಬಾಗಿಲಿಗೆ ಬಂದ, ನಡುಬಾಗಿಲಿಗಲ್ಲ. ಒಳಗೆ ಬಾ ಎಂದರೂ ಬರಲಿಲ್ಲ. ಹೊಸ್ತಿಲಾಚೆ ನಿಂತು, "ಸಭೆ ಕ್ಷಮಿಸ್ತು. ದೇವರೂ ಕ್ಷಮಿಸಿದ. ನೀನೊಬ್ಬಳು ಉಳ್ಕೊಂಡೆ ಅಮ್ಮ" ಎಂದ. ಅವನ ಗಡ್ಡದಲ್ಲಿ ಮರದ ಹೊಟ್ಟು ಅಂಟಿತ್ತು. ತೆಗೆಯಲು ಕೈ ಎತ್ತಿದೆ, ಅವನು ಹಿಂದೆ ಸರಿದ. ನಾನು ಹೇಳಿದೆ, "ನಾನೂ ಕ್ಷಮಿಸಿದೀನಿ ಮಗ, ನೀನು ಕೇಳೋದಕ್ಕೂ ಮುಂಚೆ. ಆದ್ರೆ ಹುಡುಗೀನ ಕೊಡಲ್ಲ." ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎನ್ನುವ ಹಾಗೆ ನನ್ನನ್ನೇ ನೋಡುತ್ತ ನಿಂತ. ಆಮೇಲೆ ಅಂಗಳ ದಾಟಿ ಹೋದ. ಸ್ವಲ್ಪ ಹೊತ್ತಿಗೆ ಎಂಜಿನ್ನು ಶುರುವಾಯಿತು. ಆ ಸದ್ದು ಕೇಳಿದ್ದೇ ಲೊವೀನಾ ನನ್ನ ಏಪ್ರನ್ನು ಹಿಡಿದುಕೊಂಡಳು. ಅವನಿಗಾಗಿ ನೀನೂ ಪ್ರಾರ್ಥನೆ ಮಾಡು. ನಿನಗೆ ಕುದುರೆ ಓಡಿಸಲು ಕಲಿಸಿದವನು ಅವನೇ, ಅದನ್ನು ಮರೆಯಬೇಡ.

ದೀಪದ ಎಣ್ಣೆ ಇಳಿಯಿತು, ಕೈಯೂ ಸೋತಿತು. ನಿನ್ನನ್ನೂ ಗ್ಯಾರಿಯನ್ನೂ ಕರ್ತನು ತನ್ನ ರೆಕ್ಕೆಯ ನೆರಳಲ್ಲಿಟ್ಟು ಕಾಯಲಿ. ರಸ್ತೆಯಲ್ಲಿ, ಕೆಲಸದಲ್ಲಿ, ಉಣ್ಣುವಾಗ, ಮಲಗುವಾಗ ಅವನ ಕೈ ನಿಮ್ಮ ಮೇಲಿರಲಿ. ನಿನ್ನ ಅಪ್ಪನ ಆಶೀರ್ವಾದವೂ ಇದರಲ್ಲಿ ಸೇರಿದೆ, ಅವರು ಹೇಳಿಲ್ಲ, ಆದರೂ ಸೇರಿದೆ.

ನಿನ್ನನ್ನು ಒಂದು ದಿನವೂ ಮರೆಯದ
ಅಮ್ಮ, ಸಲೋಮಾ

ಮರೆತಿದ್ದೆ: ಅಂಚೆಯವನು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮರೆತದ್ದಲ್ಲ, ಧೈರ್ಯ ಬಂದಿರಲಿಲ್ಲ. ರಕ್ತಸಂಬಂಧಿಗಳು ಯಾರಾದರೂ ಇಟ್ಟುಕೊಳ್ಳುವುದಾದರೆ ಅಪರಿಚಿತರ ಮನೆಗೆ ಕಳಿಸುವುದಿಲ್ಲ ಎಂದು ಡೆನೀಸ್ ಹೇಳಿದಳು. ನಿನ್ನ ಹೆಸರು, ಫೋನು ಕೊಟ್ಟಿದ್ದೇನೆ. ನಾಳೆ ನಾಡಿದ್ದರಲ್ಲಿ ಅವಳು ಫೋನು ಮಾಡುತ್ತಾಳೆ. ಹೂಂ ಅನ್ನು, ವರ್ನಾ. ನಿನ್ನ ಮನೆಗೆ ಬಂದರೆ ಅವಳು ನಮ್ಮವಳಾಗಿ ಉಳಿಯುವುದಿಲ್ಲ ಎಂದು ನನಗೆ ಗೊತ್ತು. ತಿಳಿದೇ ಕೇಳುತ್ತಿದ್ದೇನೆ. ಗ್ಯಾರಿಗೆ ಹೇಳು, ಅವಳನ್ನು ಮೆಲ್ಲಗೆ ಕರೆಯಬಾರದು, ಗಟ್ಟಿಯಾಗಿ, ಅಂಗಳದಲ್ಲಿರುವವರನ್ನು ಕೂಗುವ ಹಾಗೆ ಕೂಗಬೇಕು. ನೀನು ಅವಳನ್ನು ಏನೂ ಕೇಳಬೇಡ. ನಮ್ಮ ಹೆಣ್ಣುಮಕ್ಕಳು ತಲೆಗೆ ಹಾಕುವ ಆ ಕುಲಾವಿಯನ್ನು ನೀನಾಗಿ ತೆಗೆಸಬೇಡ, ಇರುವಷ್ಟು ದಿನ ಇರಲಿ. ಅವಳಾಗಿಯೇ ತೆಗೆದಿಟ್ಟು ನಿನ್ನ ಊರಿನ ಮಕ್ಕಳ ಜೊತೆ ಆಡಲು ಓಡಿದ ದಿನ ಸುಮ್ಮನೆ ಕಿಟಕಿಯಿಂದ ನೋಡು. ಅದನ್ನೊಂದು ಮಾತ್ರ ನನಗೆ ಬರೆಯಬೇಡ.